ಬೆಂಕಿ ಕಾಣದ ಕಂಪನಿ

ಸುಕನ್ಯ ನೀರೊಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಾದಿನಿ ಪುಷ್ಪಳ ಎಣ್ಣೆಸ್ನಾನಕ್ಕೆಂದು ಹಂಡೆ ಕಾಯಿಸುತ್ತ ಊದುಕೊಳವೆಯಲ್ಲಿ ಒಂದೇ ಸಮನೆ ಊದುತ್ತಿದ್ದಾಗ, ಅವಳ ಎದೆಯ ಮೇಲಿದ್ದ ಹಳದಿ ಪೆಟ್ಟಿಗೆ ಕಿರುಚಿಕೊಂಡಿತು. ಕಾರ್ಖಾನೆಗೆ ಹೊರದೇಶದ ಅತಿಥಿಗಳು ಬರುವ ದಿನ, ಬೇಗ ಹೊರಡಬೇಕೆಂಬ ಗಡಿಬಿಡಿಯಲ್ಲಿ ಕಾರ್ಖಾನೆಯ ಕೋಟನ್ನು ಆಗಲೇ ತೊಟ್ಟುಕೊಂಡಿದ್ದಳು, ಪೆಟ್ಟಿಗೆ ಅದರ ಜೇಬಿಗೇ ಸಿಕ್ಕಿಕೊಂಡಿತ್ತು. ಕುಲುಮೆಯ ಹತ್ತಿರ ಓಡಾಡುವವರಿಗೆಲ್ಲ ಕೊಡುವ ಪೆಟ್ಟಿಗೆ ಅದು. ಬಣ್ಣವೂ ವಾಸನೆಯೂ ಇಲ್ಲದ ವಿಷದ ಗಾಳಿ ಮೂಗಿನ ಬಳಿ ಸುಳಿದರೆ ಕೂಗುತ್ತದೆ. ಕೂಗಿದರೆ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಗಾಳಿ ಬೀಸಿಬರುವ ದಿಕ್ಕಿಗೆ ಎದುರಾಗಿ ಓಡಬೇಕು ಅಂತ, ಪರಿಸರ ವಿಭಾಗದವಳಾದ ಅವಳೇ ತಿಂಗಳಿಗೊಮ್ಮೆ ಕೂಲಿಯವರಿಗೆ ಪಾಠ ಹೇಳುತ್ತಿದ್ದಳು. ಈಗ ಹಾಗೆ ಓಡಿದರೆ ಬಾಗಿಲಲ್ಲಿ ಸೀಗೆಪುಡಿಯ ಬಟ್ಟಲು ಹಿಡಿದು ನಿಂತಿದ್ದ ಅತ್ತೆಯ ಮೇಲೇ ಹೋಗಿ ಬೀಳಬೇಕಾಗಿತ್ತು. ಅವಳು ಪೆಟ್ಟಿಗೆಯ ಬಾಯನ್ನು ಅಂಗೈಯಿಂದ ಮುಚ್ಚಿ, ಅಳುವ ಮಗುವನ್ನು ಬಸ್ಸಿನಲ್ಲಿ ಸುಮ್ಮನಿರಿಸುವವಳ ಹಾಗೆ, ಕೆಟ್ಟ ನಗೆ ನಕ್ಕಳು.

"ಏನಮ್ಮ ಅದು, ಕಂಪ್ನಿ ಬೆಂಕಿ ಆರ್ಸಿದ್ದು ಸಾಲ್ದು ಅಂತ ನಮ್ಮನೆ ಒಲೇನೂ ಆರ್ಸಕ್ಕೆ ಬಂದೈತಾ?" ಎಂದರು ಆದಿಲಕ್ಷ್ಮಮ್ಮ.

ಅತ್ತೆಯ ಮಾತಿನಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಸಿಟ್ಟಿದ್ದಿದ್ದರೆ ಸುಕನ್ಯ ಏನಾದರೂ ಉತ್ತರ ಕೊಡುತ್ತಿದ್ದಳು. ಹೋದ ವಾರದಿಂದ ಚಾಂಪಿಯನ್ ರೀಫ್ಸಿನ, ಮುಚ್ಚಿಹೋದ ಚಿನ್ನದ ಗಣಿಯ ಈ ಸಾಲುಮನೆಗಳಲ್ಲಿ ಅವಳನ್ನು ನೋಡಿದವರೆಲ್ಲ ಹೀಗೇ, ಮೈದಡವುವಂಥ ದನಿಯಲ್ಲಿ ಮಾತಾಡುತ್ತಿದ್ದರು. ಕೈತಪ್ಪಿ ದೇವರ ದೀಪ ಆರಿಸಿದ ಸೊಸೆಯನ್ನು ಬೈಯದೆ ಬಿಟ್ಟವರ ಹಾಗೆ. ಬಂಗಾರಪೇಟೆ ರಸ್ತೆಯ ಉಕ್ಕಿನ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಹಗಲೂ ರಾತ್ರಿ ಉರಿಯುತ್ತಿದ್ದ ಬೆಂಕಿ ಹೋದ ವಾರ ಆರಿತ್ತು. ಆರಿತ್ತು ಅನ್ನುವುದು ಸಾಲಿನವರ ಮಾತು; ಸುಕನ್ಯಳ ಲೆಕ್ಕದಲ್ಲಿ ಅದನ್ನು ಉಳಿಸಿದ್ದರು. ಕುಲುಮೆಯ ನೆತ್ತಿಯಿಂದ ಬರುವ ಗಾಳಿಯನ್ನು ಇಷ್ಟು ವರ್ಷ ಆಕಾಶಕ್ಕೆ ಬಿಟ್ಟು ಸುಡುತ್ತಿದ್ದರು. ಈಗ ಅದನ್ನೇ ಹಿಡಿದು, ತೊಳೆದು, ಅದರಲ್ಲಿದ್ದ ಕೆಲಸಕ್ಕೆ ಬಾರದ ಇಂಗಾಲದ ಗಾಳಿಯನ್ನು ಬೇರೆ ಮಾಡಿ ವೆಲ್ಡಿಂಗ್ ಅಂಗಡಿಗಳ ಸಿಲಿಂಡರಿಗೆ ತುಂಬಿ, ಉಳಿದ ಒಳ್ಳೆಯದನ್ನು ಬಿಸಿ ಮಾಡಿ ಕುಲುಮೆಯ ಹೊಟ್ಟೆಗೇ ವಾಪಸು ಊದುತ್ತಿದ್ದರು. ಕಲ್ಲಿದ್ದಲು ಕಡಿಮೆ ಸಾಕು, ಹೊಗೆ ಕಡಿಮೆ. ಇದನ್ನು ಅವಳು ಮಾವನಿಗೆ ಹಾಲಿನ ಉದಾಹರಣೆ ಕೊಟ್ಟು ವಿವರಿಸಿದ್ದಳು: ಉಕ್ಕಿ ಒಲೆಗೆ ಸುರಿದುಹೋಗುತ್ತಿದ್ದ ಹಾಲನ್ನು ಕೆಳಗೆ ಹಿಡಿದು ಮತ್ತೆ ಪಾತ್ರೆಗೇ ಹಾಕಿದ ಹಾಗೆ ಮಾವ. ಕುಪ್ಪುಸ್ವಾಮಿ ಬಹಳ ಹೊತ್ತು ಯೋಚಿಸಿ, ಆ ಹಾಲು ಯಾರು ಕುಡೀತಾರೆ ಅಂತ ಕೇಳಿದ್ದರು. ಎಂಎಸ್ಸಿಯಲ್ಲಿ ಯಾರೂ ಕೇಳದ ಪ್ರಶ್ನೆ. ಅವಳು ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತ ಇನ್ನೊಂದು ಉದಾಹರಣೆ ಹುಡುಕಿದ್ದಳು. ಗಂಡ ವಿಜಯಕುಮಾರ್ ಬೆಳಗಿನ ರೈಲಿಗೆ ಓಡುವವನು, ಅವನ ನಿದ್ದೆಯನ್ನು ಯಾವ ಇಂಗಾಲವೂ ಕೆಡಿಸುತ್ತಿರಲಿಲ್ಲ.

ಕುಪ್ಪುಸ್ವಾಮಿ ಹೊರಗೆ ಚಪ್ಪಡಿಯ ಮೇಲೆ ಕೂತು ಗಣಿಯ ಪುಡಿಮಣ್ಣು ಸುರಿದು ಬೆಳೆದ ಸೈನೈಡ್ ದಿಬ್ಬದ ಆಚೆಗಿನ ಖಾಲಿ ಆಕಾಶವನ್ನು ನೋಡುತ್ತಿದ್ದರು. ಪೇಪರಿನಲ್ಲಿ ಸತ್ತವರ ಫೋಟೋಗಳ ಪುಟವನ್ನು ನೋಡುವ ಹಾಗೆ, ಗುರುತಿನವರು ಸಿಕ್ಕಾರೇನೋ ಎಂಬ ಕುತೂಹಲದಿಂದ. ಗಣಿಯಲ್ಲಿ ದುಡಿದ ಮನುಷ್ಯ; ಮುಚ್ಚುವುದರ ವಿಷಯದಲ್ಲಿ ಈ ಸಾಲಿನಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಮೊದಲು ಸೈರನ್ ನಿಂತಿತಂತೆ. ರಿಪೇರಿಗೆ ಹೋಗಿದೆ ಅಂತ ಯಾರೋ ಅಂದರಂತೆ, ಯಾರು ಅಂದರು ಅಂತ ಇವತ್ತಿಗೂ ಗೊತ್ತಿಲ್ಲ, ಆದರೆ ಎಲ್ಲರೂ ನಂಬಿ ಮನೆಗೆ ಬಂದು ಸಾಂಬಾರು ತಿಂದರಂತೆ. ಆಮೇಲೆ ಗಣಿ ಇರಲಿಲ್ಲ. ಸಾಲಿನವರೆಲ್ಲ ಹೀಗೇ. ಬೇರೆ ಊರಿನವರು ಬೆಂಕಿ ಆರಿದರೆ ಸದ್ಯ ಹೊಗೆ ತಪ್ಪಿತು ಅಂದುಕೊಳ್ಳುತ್ತಾರೆ. ಇಲ್ಲಿಯವರು ಬೆಂಕಿ ಆರಿದ ಮಾರನೆಯ ಬೆಳಿಗ್ಗೆ ಕಾರ್ಖಾನೆಯಲ್ಲಿ ಕೆಲಸಕ್ಕಿರುವ ಗಂಡುಮಕ್ಕಳ ಮನೆಗೆ ಹೋಗಿ ಕಾಫಿ ಕುಡಿದು ಸಮಾಧಾನ ಹೇಳಿ ಬಂದಿದ್ದರು. ಅವರಲ್ಲೊಬ್ಬರು ಸುಕನ್ಯಳಿಗೂ ಬಾಳೆಹಣ್ಣು ತಂದಿದ್ದರು.

ಇದೆಲ್ಲ ನಗುವ ಮಾತಾಗಿಯೇ ಉಳಿಯುತ್ತಿತ್ತು, ಇವತ್ತು ಪುಷ್ಪಳ ನಿಶ್ಚಯ ಇರದಿದ್ದರೆ. ಹುಡುಗ ಮುನೀಂದ್ರ ಅದೇ ಕಾರ್ಖಾನೆಯ ಗ್ಯಾಸಿನ ವಿಭಾಗದವನು, ಬೇತಮಂಗಲದ ಕಡೆಯ ಹೈನಿನ ಮನೆಯ ಹುಡುಗ, ಸುಕನ್ಯಳ ತವರೂರಿನ ಪಕ್ಕದವನು. ಸಂಬಂಧ ತಂದವಳೂ ಅವಳೇ. ಗೋಧೂಳಿಯಲ್ಲಿ ತಟ್ಟೆ ಬದಲಾಯಿಸುವುದು ಅಂತ ಗೊತ್ತಾಗಿತ್ತು; ಹೂವು, ಹಣ್ಣು, ಸೀರೆ ಇಟ್ಟ ತಟ್ಟೆಯನ್ನು ಹುಡುಗನ ಅಪ್ಪ ಕೊಡಬೇಕು, ಹುಡುಗಿಯ ಅಪ್ಪ ತೆಗೆದುಕೊಂಡು ತಮ್ಮದನ್ನು ಕೊಡಬೇಕು, ಅಷ್ಟಾದರೆ ಮಾತು ಮುಗಿದಂತೆ. ನಿನ್ನೆ ರಾತ್ರಿ ಊಟದ ಎಲೆಯ ಮುಂದೆ ಕುಪ್ಪುಸ್ವಾಮಿ, ತಮಿಳಿನಲ್ಲಿ ಶುರು ಮಾಡಿ ಸೊಸೆಗೆ ಅರ್ಥವಾಗಲೆಂದು ಕನ್ನಡಕ್ಕೆ ಹೊರಳಿ, ಮುಚ್ಚಿಹೋಗೋ ಕಂಪನಿಯ ಹುಡುಗನಿಗೆ ಮಗಳನ್ನು ಕೊಡುವ ತಪ್ಪು ತಮ್ಮ ಮಾವ ಮಾಡಿದ್ದರು, ತಾವು ಮಾಡುವುದಿಲ್ಲ ಅಂದಿದ್ದರು. ಆದಿಲಕ್ಷ್ಮಮ್ಮ ಇದನ್ನು ಕೇಳಿಯೂ ಕೇಳದವರಂತೆ ಮಜ್ಜಿಗೆ ಬಡಿಸಿದ್ದರು. ಕೊನೆಗೆ ಕುಪ್ಪುಸ್ವಾಮಿ ಕೈ ತೊಳೆದು ಬಂದು ಹೇಳಿದ್ದು ಇಷ್ಟು:

"ಬೆಂಕಿ ಕಾಣ್ಲಿ, ತಟ್ಟೆ ತಗೋತೀನಿ. ಇಲ್ಲಾಂದ್ರೆ ಬಂದೋರ್ಗೆ ಕಾಫಿ ಕೊಟ್ಟು ಕಳ್ಸಿ."

ಈಗ ಅತ್ತೆ ಸೀಗೆಪುಡಿಗೆ ನೀರು ಬೆರೆಸುತ್ತ, ಒಂದೇ ಒಂದು ಸಣ್ಣ ಬೆಂಕಿ, ಸಾಯಂಕಾಲದ ಹೊತ್ತಿಗೆ, ನಮ್ಮೋರಿಗೋಸ್ಕರ ಹಚ್ಚಿಸೋಕಾಗಲ್ವಾ ಅಂತ, ಪಕ್ಕದ ಮನೆಯಿಂದ ಒಂದು ಲೋಟ ಸಕ್ಕರೆ ತರಲು ಹೇಳುವಷ್ಟು ಸಹಜವಾಗಿ ಕೇಳಿದರು. ಪುಷ್ಪ ತಲೆಗೆ ಎಣ್ಣೆ ಮೆತ್ತಿಕೊಂಡು ಒಳಗಿನಿಂದ, ಅಪ್ಪನಿಗೆ ಹಳೆ ವಿಡಿಯೋ ತೋರಿಸಿ ಲೈವ್ ಅಂದುಬಿಡೋಣ ಅತ್ತಿಗೆ, ಎಂದಳು. ಯಾರೂ ಸುಕನ್ಯಳ ಮಾತನ್ನು ನಂಬೋಣ ಅನ್ನಲಿಲ್ಲ. ಅದು ಯಾರಿಗೂ ಹೊಳೆದೂ ಇರಲಿಲ್ಲ. ಈ ಮನೆಗೆ ಬಂದಾಗಿನಿಂದ ಅವಳು ಹಾಲು ಕೆಟ್ಟಿದೆ ಅಂದರೆ ಅತ್ತೆ ಮೂಸಿ ನೋಡುತ್ತಾರೆ, ಮಳೆ ಬರುತ್ತೆ ಅಂದರೆ ಮಾವ ಅಂಗಳಕ್ಕೆ ಹೋಗಿ ಬರುತ್ತಾರೆ. ಹಾಗಂತ ಅವರು ಕೆಟ್ಟವರಲ್ಲ. ಅವಳೇ ಒಂದು ಮಾತನ್ನು ಹತ್ತು ಸಲ ತೂಗಿ, ಎಲ್ಲ ಕಡೆಯಿಂದ ಒರೆಸಿ, ಕೊನೆಗೆ ಅದನ್ನು ಎಷ್ಟು ಮೆತ್ತಗೆ ಆಡುತ್ತಾಳೆಂದರೆ ಕೇಳಿದವರಿಗೆ ಅವಳಿಗೇ ಅದರಲ್ಲಿ ಅನುಮಾನವಿದೆಯೇನೋ ಅನ್ನಿಸುತ್ತದೆ.

ಸ್ಕೂಟರಿನಲ್ಲಿ ಹೋಗುವಾಗಲೂ ಅವಳು ಕೇಳುವ ಮಾತನ್ನು ಒರೆಸುತ್ತಲೇ ಇದ್ದಳು. ಮುನೀಂದ್ರ, ಒಂದು ಸಹಾಯ. ಬೇಡ, ಸಹಾಯ ಅಂದರೆ ದುಡ್ಡು ಕೇಳಿದ ಹಾಗಾಗುತ್ತೆ. ಮುನೀಂದ್ರ, ತಮಾಷೆ ಕೇಳು. ಇದು ವಾಸಿ. ರಾಬರ್ಟ್‌ಸನ್ ಪೇಟೆಯ ತಿರುವಿನಲ್ಲಿ ಹೂವಿನವಳು ಅವಳ ಕೋಟು ನೋಡಿ, ಕಂಪನಿ ಇನ್ನೂ ಇದೆಯಾ ಅಂತ ತೆಲುಗಿನಲ್ಲಿ ಕೇಳಿದಳು. ಇದೆ ಅಂದಳು ಸುಕನ್ಯ. ಹೂವಿನವಳು ಮೂಗಿನಲ್ಲೇ ಹ್ಞೂಂ ಅಂದು ಒಂದು ಗೇಣು ಮಲ್ಲಿಗೆ ಹೆಚ್ಚಿಗೆ ಕೊಟ್ಟಳು. ಕಷ್ಟದಲ್ಲಿರುವವರಿಗೆ ಕೊಡುವ ಗೇಣು ಅದು ಅಂತ ಸುಕನ್ಯಳಿಗೆ ಗೊತ್ತಾಗಿ ಕಿವಿ ಬಿಸಿಯಾಯಿತು; ಆದರೂ ತಗೊಂಡಳು.

ಕಂಟ್ರೋಲ್ ರೂಮಿನಲ್ಲಿ ಮುನೀಂದ್ರ ಪರದೆಯ ಮುಂದೆ ಕೂತು ಚಿತ್ರಾನ್ನ ತಿನ್ನುತ್ತಿದ್ದ. ಅವನ ಪಾಳಿ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಆಮೇಲೆ ಊರಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು ಮದುವಣಿಗನಾಗಿ ಚಾಂಪಿಯನ್ ರೀಫ್ಸಿಗೆ ಬರಬೇಕಾಗಿತ್ತು. ಪರದೆಯ ಮೇಲೆ ಗ್ಯಾಸು ಹಸಿರು ಗೆರೆಯಾಗಿ ಕುಲುಮೆಯ ನೆತ್ತಿಯಿಂದ ಹೊರಟು ಹೊಟ್ಟೆಗೆ ವಾಪಸಾಗುತ್ತಿತ್ತು. ಚಿಮಣಿಯ ಕಡೆಗೆ ಹೋಗುವ ಗೆರೆ ಬೂದು ಬಣ್ಣದಲ್ಲಿ ಸುಮ್ಮನೆ ಬಿದ್ದಿತ್ತು. ಅವಳು ತಮಾಷೆ ಕೇಳು ಅಂತಲೇ ಶುರು ಮಾಡಿ, ಮಾವನ ಷರತ್ತು, ಅತ್ತೆಯ ಸಣ್ಣ ಬೆಂಕಿ ಎಲ್ಲವನ್ನೂ ಹೇಳಿದಳು. ಅವನು ನಗಲಿಲ್ಲ. ಡಬ್ಬಿಯ ಮುಚ್ಚಳ ಹಾಕಿದ. ಈ ಕೆಲಸಕ್ಕಾಗಿ ಅವನು ತಿಂಗಳುಗಟ್ಟಲೆ ಕಂಪ್ರೆಸರಿನ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದ್ದವನು. ಆಗೆಲ್ಲ ಎಲ್ಲಿ ಏನು ಕೆಟ್ಟರೂ ಗ್ಯಾಸು ತಾನಾಗಿ ಚಿಮಣಿಗೆ ತಿರುಗಿ ಭಗ್ಗೆಂದು ಉರಿಯುತ್ತಿತ್ತು, ಊರವರು ಆಹಾ ಕಂಪನಿ ಜೋರಾಗಿದೆ ಅಂದುಕೊಂಡರೆ, ಪಾಳಿಯವರು ಅವನಿಗೆ ಫೋನು ಮಾಡಿ, ಏನ್ಲಾ ನಿನ್ ದೀಪಾವಳಿ ಶುರು ಆಯ್ತಾ ಅಂತ ಆಡಿಕೊಳ್ಳುತ್ತಿದ್ದರು.

"ಅಕ್ಕಾ, ಬೆಂಕಿ ಅಂದ್ರೆ ನಂಗೆ ಏನೋ ಕಿತ್ಕೊಂಡೈತೆ ಅಂತ ಅರ್ಥ. ನಿಮ್ಮಾವಂಗೆ ಕೆಲ್ಸ ಐತೆ ಅಂತ ತೋರ್ಸಕ್ಕೆ, ನಾನು ಕೆಲ್ಸ ಕೆಡಿಸ್ಕೊಂಡು ತೋರ್ಸ್ಬೇಕಾ?"

ಇಲ್ಲ ಇಲ್ಲ, ಸುಮ್ಮನೆ ಹೇಳಿದೆ, ಅಂದಳು ಸುಕನ್ಯ. ಅವನು ಹೇಳಿದ್ದು ಸರಿಯಾಗಿತ್ತು, ಅದರಿಂದಲೇ ಅವಳಿಗೆ ಕೋಪ ಬಂತು. ಈ ಹುಡುಗ ತನ್ನ ಮದುವೆಯ ವಿಷಯದಲ್ಲಿ ಇಷ್ಟು ಸರಿಯಾಗಿರಬೇಕಿತ್ತೇ ಅನ್ನಿಸಿತು. ಬಾಗಿಲ ಬಳಿ ನಿಂತು ಅವಳು, ಮಾವನ ಹತ್ತಿರ ನೀನೇ ಒಂದು ಮಾತು ವಿವರಿಸಿ ನೋಡು ಅಂದದ್ದಕ್ಕೆ ಅವನು, ನೋಡ್ತೀನಿ, ಆದರೆ ನಿಮ್ಮ ಹಾಲಿನ ಕತೆ ಬೇಡ ಅಕ್ಕ, ನಮ್ಮನೇಲೂ ಯಾರೂ ಒಪ್ಪಲ್ಲ, ಹಸು ಕಟ್ಟಿದವರು ನಾವು ಅಂದ.

ಕಾರ್ಖಾನೆಯ ಅತಿಥಿಗಳು ಬಂದಾಗ ಬಿಸಿಲು ಇಳಿದಿತ್ತು. ಬರಬೇಕಾದದ್ದು ಮಧ್ಯಾಹ್ನ, ಬಂಗಾರಪೇಟೆಯ ರೈಲ್ವೆ ಗೇಟು ತನ್ನ ಕೈಲಾದ ಸೇವೆ ಮಾಡಿತ್ತು. ಕಾರ್ಖಾನೆಯ ಉಕ್ಕು ಕೊಳ್ಳುವ ಹೊರದೇಶದ ಕಂಪನಿಯವರು, ಹೊಗೆ ಕಡಿಮೆಯಾಗಿದೆಯೋ ಇಲ್ಲವೋ ಕಣ್ಣಾರೆ ನೋಡಿಹೋಗಲು ಬಂದವರು: ಬಿಳಿ ಕೂದಲಿನ ಒಬ್ಬ ಹೆಂಗಸು, ಅವರ ಹಿಂದೆ ಕ್ಯಾಮೆರಾ ಹಿಡಿದ ಒಬ್ಬ ಉದ್ದನೆಯ ಯುವಕ. ಜನರಲ್ ಮ್ಯಾನೇಜರು ಶಾಮಿಯಾನ ಹಾಕಿಸಿ, ಗಂಧದ ಹಾರ ತರಿಸಿ, ಕುಂಬಳಕಾಯಿಯನ್ನೂ ಒಡೆಸಿದ್ದರು. ಆದರೆ ತೋರಿಸಲು ಏನಿತ್ತು. ಕೊಳವೆ ತೋರಿಸಿದರು. ಇನ್ನೊಂದು ಕೊಳವೆ ತೋರಿಸಿದರು. ಮೊದಲನೆಯದರಲ್ಲಿ ಹೋಗುವುದು ಎರಡನೆಯದರಲ್ಲಿ ಬರುತ್ತದೆ ಎಂದರು. ಹೆಂಗಸು ತುಂಬ ಒಳ್ಳೆಯವರು, ಪ್ರತಿ ಕೊಳವೆಗೂ ತಲೆದೂಗಿದರು. ಯುವಕ ಮಾತ್ರ ಕ್ಯಾಮೆರಾ ಇಳಿಬಿಟ್ಟುಕೊಂಡು, ಇದನ್ನು ನೋಡುವುದು ಹೇಗೆ ಅಂತ ಕೇಳಿಯೇಬಿಟ್ಟ. ಸುಕನ್ಯಳಿಗೆ ಥಟ್ಟನೆ ಮಾವನ ಮುಖ ಕಂಡಿತು. ಏಳು ಸಮುದ್ರ ದಾಟಿ ಬಂದವನಿಗೂ ಚಪ್ಪಡಿ ಕಲ್ಲಿನ ಮೇಲೆ ಕೂತವರಿಗೂ ಒಂದೇ ದೂರು: ಕಾಣುವಂಥದ್ದು ಏನೂ ಇಲ್ಲ. ಅವಳ ಹತ್ತು ವರ್ಷದ ಕೆಲಸದ ಸಾರವೇ ಇಷ್ಟು, ಒಂದು ಕಡೆ ಏನೂ ಇಲ್ಲದ ಹಾಗೆ ಮಾಡುವುದು. ಅಡುಗೆಮನೆ ಒರೆಸಿದಂತೆ. ಒರೆಸಿದ್ದು ಯಾರಿಗೂ ಕಾಣುವುದಿಲ್ಲ, ಒರೆಸದಿದ್ದರೆ ಎಲ್ಲರಿಗೂ ಕಾಣುತ್ತದೆ.

ಜನರಲ್ ಮ್ಯಾನೇಜರು ಅವಳನ್ನು ಶಾಮಿಯಾನದ ಕಂಬದ ಹಿಂದಕ್ಕೆ ಕರೆದರು. ಹಣೆಯಲ್ಲಿ ಬೆವರಿತ್ತು. ಅವರಿಗೆ ಹೊಳೆದದ್ದು ಹೀಗೆ: ಗ್ಯಾಸನ್ನು ಸ್ವಲ್ಪ ಹೊತ್ತು ಚಿಮಣಿಗೆ ಬಿಟ್ಟು ಬೆಂಕಿ ಹಚ್ಚಿಸುವುದು, ಇಷ್ಟು ದಿನ ಹೀಗಿತ್ತು ನೋಡಿ ಅನ್ನುವುದು, ಆಮೇಲೆ ಆ ಅಮ್ಮನ ಕೈಯಲ್ಲೇ ಒಂದು ಗುಂಡಿ ಒತ್ತಿಸಿ ಆರಿಸುವುದು. ಜನ ದೀಪ ಹಚ್ಚಿ ಉದ್ಘಾಟನೆ ಮಾಡುತ್ತಾರೆ, ನಾವು ಆರಿಸಿ ಮಾಡೋಣ. ನಿಮ್ಮ ಅಭ್ಯಂತರ ಏನಾದರೂ ಇದೆಯಾ ಮೇಡಂ, ಪರಿಸರದವರು ನೀವು, ಅಂತ ಕೇಳಿದರು. ಕೇಳಿದರು, ಅದೇ ವಿಷಯ. ಅಭ್ಯಂತರ ಇದೆ ಅನ್ನಲು ಅವಳಿಗೆ ಸಂಬಳ ಕೊಡುತ್ತಿದ್ದರು. ತಿಂಗಳುಗಟ್ಟಲೆ ಹೆಣಗಿ ಈಗ ಉಳಿಸಿದ್ದನ್ನು ಫೋಟೋಗಾಗಿ ಸುಡುವುದೇ ಸರ್ ಅಂತ ಒಂದು ಮಾತು ಅಂದಿದ್ದರೆ ಅವರು ಗೊಣಗಿಕೊಂಡು ಸುಮ್ಮನಾಗುತ್ತಿದ್ದರು, ಅವರು ಹೆದರುಪುಕ್ಕಲರು ಅಂತ ಅವಳಿಗೆ ಗೊತ್ತಿತ್ತು. ಅವಳು ಪಶ್ಚಿಮದ ಕಡೆ ನೋಡಿದಳು. ಸೂರ್ಯ ತೆಂಗಿನ ಗರಿಗಳ ಮಟ್ಟಕ್ಕೆ ಬಂದಿದ್ದ. ಚಾಂಪಿಯನ್ ರೀಫ್ಸಿನಲ್ಲಿ ಈಗ ಜಮಖಾನೆ ಹಾಸಿರುತ್ತಾರೆ, ಹುಡುಗನ ಕಡೆಯವರು ಬಂದು ಕೂತಿರುತ್ತಾರೆ, ಅತ್ತೆ ಕಾಫಿ ಕೊಡಲೋ ಬೇಡವೋ ಅಂತ ಬಾಗಿಲಲ್ಲಿ ನಿಂತಿರುತ್ತಾರೆ. ಕಾಫಿ ಕೊಟ್ಟರೆ ಕಳಿಸಿದ ಹಾಗೆ.

"ಹೊತ್ತು ಮುಳುಗಿದ ಮೇಲಾದ್ರೆ ಚೆನ್ನಾಗಿ ಕಾಣುತ್ತೆ ಸರ್" ಅಂದಳು ಸುಕನ್ಯ.

ಅಂದ ಮೇಲೆ ತನ್ನ ದನಿ ತನಗೇ ಆಶ್ಚರ್ಯವಾಯಿತು. ಅನುಮಾನವೇ ಇಲ್ಲದ, ಗಟ್ಟಿಯಾದ ದನಿ. ಜನರಲ್ ಮ್ಯಾನೇಜರು ಮೆಚ್ಚಿ ತಲೆಯಾಡಿಸಿದರು. ಎರಡನೇ ಪಾಳಿಯ ಮುನಿರಾಜುವಿಗೆ ವಾಕಿಟಾಕಿಯಲ್ಲಿ ಹೇಳಿದ್ದಾಯಿತು. ಕ್ಯಾಂಟೀನಿನ ಕಾಲಿಂಗ್ ಬೆಲ್ಲಿನ ಗುಂಡಿಯೊಂದನ್ನು ಕಿತ್ತುತಂದು, ಹಲಗೆಗೆ ಬಡಿದು, ಸುತ್ತ ಚೆಂಡುಹೂವು ಕಟ್ಟಿ ಮೇಜಿನ ಮೇಲಿಟ್ಟದ್ದೂ ಆಯಿತು. ಗುಂಡಿಗೆ ವೈರು ಇರಲಿಲ್ಲ. ಅಮ್ಮ ಒತ್ತಿದ ಕೂಡಲೇ ಮ್ಯಾನೇಜರು ಕರವಸ್ತ್ರ ಬೀಸುವುದು, ಮುನಿರಾಜು ಅಟ್ಟಣೆಯ ಮೇಲಿಂದ ನೋಡಿ ವಾಲ್ವು ತಿರುಗಿಸುವುದು ಅಂತ ಏರ್ಪಾಟು.

ಬೆಂಕಿ ಬಂತು. ಮೊದಲು ನೀಲಿಯಾಗಿ, ನಾಚಿಕೊಂಡ ಹಾಗೆ, ಆಮೇಲೆ ಕಿತ್ತಳೆಯಾಗಿ, ಎತ್ತರಕ್ಕೆ. ಶಾಮಿಯಾನದ ಕೆಳಗಿದ್ದವರೆಲ್ಲ ಓಹ್ ಅಂದರು, ಕ್ಯಾಮೆರಾದ ಯುವಕ ಕುರ್ಚಿ ಹತ್ತಿ ನಿಂತ, ಆ ಅಮ್ಮನ ಮುಖವೂ ಬೆಳಗಿತು. ಇಷ್ಟು ವರ್ಷ ದಿನಾ ನೋಡಿದ್ದ ಬೆಂಕಿ ಸುಕನ್ಯಳಿಗೂ ಇವತ್ತು ಚೆಲುವಾಗಿ ಕಂಡಿತು, ಹಾಗೆ ಕಂಡದ್ದಕ್ಕೆ ನಾಚಿಕೆಯಾಯಿತು. ಮೈಕು ಅವಳ ಕೈಗೆ ಬಂತು. ಅತಿಥಿಗಳಿಗೆ ಇಂಗ್ಲಿಷಿನಲ್ಲಿ, ಕೆಲಸದವರಿಗೆ ಕನ್ನಡದಲ್ಲಿ, ನಾಲ್ಕು ಮಾತು ಹೇಳಿ ಗುಂಡಿ ಒತ್ತಲು ಕರೆಯಬೇಕು, ಅಷ್ಟೇ. ಅವಳು ನಾಲ್ಕು ಮಾತು ಹೇಳಲಿಲ್ಲ. ಕಬ್ಬಿಣ ಅಂದರೇನು ಅನ್ನುವಲ್ಲಿಂದ ಶುರು ಮಾಡಿದಳು. ಮಣ್ಣಿನೊಳಗೆ ಕಬ್ಬಿಣ ಹೇಗೆ ಆಮ್ಲಜನಕವನ್ನು ಅಪ್ಪಿಕೊಂಡು ಕೂತಿರುತ್ತದೆ, ಆ ಅಪ್ಪುಗೆ ಬಿಡಿಸಲು ಇಂಗಾಲ ಎಷ್ಟು ಬಡಿದಾಡುತ್ತದೆ ಅಂತ ಇಂಗ್ಲಿಷಿನಲ್ಲಿ ಹೇಳಿ, ಅದನ್ನೇ ಕನ್ನಡದಲ್ಲಿ, ಕನ್ನಡದಲ್ಲಿ ಹೇಳುವಾಗ ಇನ್ನೊಂದು ಉದಾಹರಣೆ ಹೊಳೆದು ಅದನ್ನು ಮತ್ತೆ ಇಂಗ್ಲಿಷಿನಲ್ಲಿ. ಒಂದೊಂದು ವಾಕ್ಯಕ್ಕೂ ತಲೆಯ ಮೇಲೆ ಎಷ್ಟು ಗ್ಯಾಸು ಉರಿದುಹೋಗುತ್ತಿದೆ ಅಂತ ಅವಳಿಗೆ ಗೊತ್ತಿತ್ತು, ಆ ಲೆಕ್ಕ ಮಾಡುವವಳೇ ಅವಳು. ಇಂಗಾಲ ಕಡಿಮೆ ಮಾಡುವುದರ ಮಹತ್ವದ ಬಗ್ಗೆ ಅವಳು ಮಾತಾಡಿದಷ್ಟೂ ಅದು ಹೆಚ್ಚುತ್ತಿತ್ತು. ಮ್ಯಾನೇಜರು ಕರವಸ್ತ್ರ ಹಿಡಿದು ಕಣ್ಣಲ್ಲೇ ಸಾಕು ಸಾಕು ಅನ್ನುತ್ತಿದ್ದರು. ಅಮ್ಮನ ಬೆರಳು ಗುಂಡಿಯ ಮೇಲೆ ಸಿದ್ಧವಾಗಿ, ಆಮೇಲೆ ದಣಿದು, ಚೆಂಡುಹೂವಿನ ಎಸಳು ಕೀಳತೊಡಗಿತ್ತು.

ಮೊಬೈಲು ನಡುಗಿತು. ಪುಷ್ಪ: ಅತ್ತಿಗೆ ಬಂತು!! ಅಪ್ಪ ಎದ್ದು ನಿಂತರು. ಸುಕನ್ಯ ಗಣಿಗಾರಿಕೆಯ ಇತಿಹಾಸಕ್ಕೆ ಕಾಲಿಟ್ಟಳು. ತಟ್ಟೆ ಕೈ ಬದಲಾಗಲು ಎಷ್ಟು ಹೊತ್ತು ಬೇಕು, ತೆಂಗಿನಕಾಯಿ ಉರುಳದ ಹಾಗೆ ಹಿಡಿಯಬೇಕು, ಯಾರೋ ಫೋಟೋಗೆ ತಡೀರಿ ಅನ್ನುತ್ತಾರೆ, ಇನ್ನೊಂದು ಪ್ಯಾರಾ ಎಳೆದರೆ ಆಯಿತು. ಮೊಬೈಲು ಮತ್ತೆ ನಡುಗಿತು. ಅತ್ತಿಗೆ, ಅವರು ಎದ್ದು ಹೋದರು. ಮುನೀಂದ್ರ. ಹೇಳದೆ ಗಾಡಿ ತಗೊಂಡು ಹೋಗೇಬಿಟ್ಟರು. ಎಲ್ಲರೂ ಬೈತಿದಾರೆ.

ಅವಳ ಬಾಯಿ ಇನ್ನೂ ಮಾತಾಡುತ್ತಲೇ ಇತ್ತು, ಏನು ಅಂತ ಅವಳಿಗೆ ಕೇಳಿಸುತ್ತಿರಲಿಲ್ಲ. ಅವನಿಗೆ ಗೊತ್ತಾಗಿದೆ. ಬೇಡ ಅಂದದ್ದನ್ನೇ ಇವಳು ಮಾಡಿಸಿದಳು, ಅದೂ ತಾನು ನಿಶ್ಚಯದ ಜಮಖಾನೆಯ ಮೇಲೆ ಕೂತಿರುವಾಗ, ಅಂತ ಅವಮಾನವಾಗಿ ಎದ್ದುಹೋಗಿದ್ದಾನೆ. ಮುಗಿಯಿತು. ಸಾಲಿನವರು ಪುಷ್ಪಳಿಗೆ ಬಾಳೆಹಣ್ಣು ತರುತ್ತಾರೆ. ಅವಳು ವಾಕ್ಯದ ನಡುವೆಯೇ ನಿಲ್ಲಿಸಿ ಪ್ಲೀಸ್ ಅಂದಳು. ಅಮ್ಮ ಗುಂಡಿ ಒತ್ತಿದರು, ಕರವಸ್ತ್ರ ಹಾರಿತು, ಮೇಲೆ ಮುನಿರಾಜು ಬಗ್ಗಿದ. ಬೆಂಕಿ ಕುಗ್ಗಿ, ನೀಲಿಯಾಗಿ, ಇಲ್ಲವಾಯಿತು. ಚಪ್ಪಾಳೆ. ಆಮೇಲೆ ಬೋಂಡ, ಜಾಮೂನು, ಕಾರ್ಖಾನೆಯ ಉಕ್ಕಿನಲ್ಲೇ ಮಾಡಿಸಿದ್ದ ಒಂದು ಆನೆಯ ಬೊಂಬೆಯ ಕಾಣಿಕೆ. ಪುಷ್ಪ ಫೋನು ಎತ್ತಲಿಲ್ಲ, ಅತ್ತೆ ಎತ್ತಲಿಲ್ಲ. ವಿಜಯಕುಮಾರ್ ರೈಲಿನಿಂದ, ತಟ್ಟೆ ಆಯ್ತಾ ಅಂತ ಕೇಳಿ, ಜೊತೆಗೆ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ್ದ.

ಗೇಟಿನ ಕಡೆಯಿಂದ ಬೈಕಿನ ಸದ್ದು ಕೇಳಿದಾಗ ಆ ಅಮ್ಮನ ಕೈಯಲ್ಲಿ ಅರ್ಧ ಬೋಂಡವಿತ್ತು. ಮುನೀಂದ್ರ ಬೈಕನ್ನು ಸ್ಟ್ಯಾಂಡ್ ಹಾಕದೆ ಕೆಡವಿ ಓಡಿಬಂದ. ಮೈಮೇಲೆ ಮಿರಿಮಿರಿ ರೇಷ್ಮೆ ಅಂಗಿ, ಮಂಡಿಯವರೆಗೆ ಎತ್ತಿಕಟ್ಟಿದ ಪಂಚೆ, ಹಣೆಯಲ್ಲಿ ಬೆವರಿಗೆ ಇಳಿದ ಕುಂಕುಮ, ಕೊರಳಲ್ಲಿ ಗಾಳಿಗೆ ಅರ್ಧ ಉದುರಿದ ಹಾರ.

"ಎಲ್ಲಾರೂ ಗಾಳಿಗೆ ಎದುರು ಓಡ್ರೀ. ಬೆಂಕಿ ಆರೋಗೈತೆ, ಗ್ಯಾಸು ಅಂಗೇ ಬತ್ತೈತೆ."

ಆಗ ಸುಕನ್ಯಳಿಗೆ ಅರ್ಥವಾಯಿತು. ಅವನು ಕೋಪಕ್ಕೆ ಎದ್ದುಬಂದವನಲ್ಲ. ಜಮಖಾನೆಯ ಮೇಲಿಂದ ಅವನು ಕಂಡದ್ದು ಬೇರೆ ಬೆಂಕಿ, ಏನೋ ಕಿತ್ತುಕೊಂಡ ಬೆಂಕಿ, ಓಡಿದ. ದಾರಿಯ ನಡುವೆ ಅದು ಆರಿತು, ಇನ್ನೂ ಹೆದರಿದ, ಉರಿಯದ ಗ್ಯಾಸು ಅಂದರೆ ವಿಷ. ಅವಳೇ ಪಾಠ ಹೇಳಿಕೊಟ್ಟವರು ಪಾಠ ಮರೆತಿರಲಿಲ್ಲ: ತಟ್ಟೆ ಲೋಟ ಬಿಸಾಡಿ ಶಾಮಿಯಾನವೆಲ್ಲ ಒಂದೇ ದಿಕ್ಕಿಗೆ ಎದ್ದು ಓಡಿತು. ಜನರಲ್ ಮ್ಯಾನೇಜರು ಎಲ್ಲರಿಗಿಂತ ಮುಂದಿದ್ದರು. ಬಿಳಿ ಕೂದಲಿನ ಅಮ್ಮ ಕೊರಳಲ್ಲಿ ಗಂಧದ ಹಾರ, ಕಂಕುಳಲ್ಲಿ ಉಕ್ಕಿನ ಆನೆ ಇಟ್ಟುಕೊಂಡು, ವಯಸ್ಸಿಗೆ ಮೀರಿ ಚೆನ್ನಾಗಿ ಓಡಿದರು. ಯುವಕ ಓಡುತ್ತಲೇ ಹಿಂದೆ ತಿರುಗಿ ಚಿತ್ರ ತೆಗೆಯುತ್ತಿದ್ದ. ಕೊನೆಗೂ ಅವನಿಗೆ ಕಾಣುವಂಥದ್ದು ಸಿಕ್ಕಿತ್ತು. ನಿಂತಿದ್ದವಳು ಸುಕನ್ಯ ಒಬ್ಬಳೇ. ಎದೆಯ ಮೇಲಿನ ಹಳದಿ ಪೆಟ್ಟಿಗೆ ಸುಮ್ಮನಿತ್ತು.

ಮುನೀಂದ್ರ ಮೆಟ್ಟಿಲ ಕಡೆ ನುಗ್ಗಿದವನು ಅವಳನ್ನು ನೋಡಿ ನಿಂತ. ಮೈಕು ನೋಡಿದ. ಚೆಂಡುಹೂವಿನ ನಡುವಿನ ಕಾಲಿಂಗ್ ಬೆಲ್ಲಿನ ಗುಂಡಿ ನೋಡಿದ, ಬೆರಳಿನಿಂದ ಎತ್ತಿ ಅದರ ಹಿಂದೆ ವೈರಿಲ್ಲದ್ದನ್ನೂ ನೋಡಿದ. ಮೇಲಿಂದ ಮುನಿರಾಜು, ಏನೂ ಇಲ್ಲ ಕಣ್ಲಾ, ಎಲ್ಲಾ ಸರಿ ಐತೆ, ಅಂತ ಕೂಗಿ ಹೇಳುತ್ತಿದ್ದ.

"ನೀವಾ ಅಕ್ಕಾ?"

ಮ್ಯಾನೇಜರ ಆಜ್ಞೆ ಅನ್ನಬಹುದಿತ್ತು, ಅದು ಸುಳ್ಳೂ ಅಲ್ಲ. ಅತಿಥಿಗಳ ಸಲುವಾಗಿ ಅನ್ನಬಹುದಿತ್ತು. ಒಳ್ಳೊಳ್ಳೆಯ ಮಾತುಗಳು ಸಾಲಾಗಿ ನಿಂತಿದ್ದವು, ಒರೆಸುವ ಅಗತ್ಯವೂ ಇರಲಿಲ್ಲ.

"ನಾನೇ" ಅಂದಳು. "ಬೇಡ ಅನ್ನಬಹುದಾಗಿತ್ತು. ಅನ್ನಲಿಲ್ಲ."

ಅವನು ಮೆಟ್ಟಿಲು ಹತ್ತಿಹೋಗಿ, ಮುನಿರಾಜುವನ್ನು ಸರಿಸಿ, ವಾಲ್ವಿನ ಮೇಲೆ ತಾನೇ ಒಮ್ಮೆ ಕೈಯಾಡಿಸಿದ. ರೇಷ್ಮೆ ತೋಳಿಗೆ ಕರಿ ಮೆತ್ತಿಕೊಂಡಿತು. ಆಗ ಅವಳ ಮೊಬೈಲು ರಿಂಗಾಯಿತು. ಮಾವ. ಮನೆಗೆ ಬಂದಾಗಿನಿಂದ ಅವರು ಅವಳಿಗೆ ಫೋನು ಮಾಡಿದವರಲ್ಲ. ಹಿಂದೆ ಜನ ಗಲಗಲ ಅನ್ನುತ್ತಿದ್ದರು, ಬೈಗುಳವೋ ನಗುವೋ ಗೊತ್ತಾಗಲಿಲ್ಲ.

"ಉಡುಗ ಬಂದನಾಮ್ಮ ಅಲ್ಲಿಗೆ?"

"ಬಂದ ಮಾವ."

"ಯಾರಿಗೂ ಏನೂ ಆಗಿಲ್ವಲ್ಲ?"

"ಇಲ್ಲ ಮಾವ. ಎಲ್ಲ ಸರಿಯಾಗಿದೆ." ನಂಬುತ್ತಾರೋ ಇಲ್ಲವೋ.

ಕುಪ್ಪುಸ್ವಾಮಿ ಫೋನನ್ನು ಬಾಯಿಗೆ ಹತ್ತಿರ ತಂದುಕೊಂಡರು. ತಟ್ಟೆ ಬದಲಾಯಿಸಿ ಆಯಿತು ಅಂದರು. ಹುಡುಗನಿಲ್ಲದೆಯೇ, ಅವನು ಓಡಿದ ಮೇಲೆ. ಅವನ ಅಪ್ಪ ತಲೆ ತಗ್ಗಿಸಿ, ಮಗ ಮರ್ಯಾದೆ ತೆಗೆದ, ನಾವು ಹೊರಡುತ್ತೇವೆ ಅಂತ ಎದ್ದಿದ್ದರಂತೆ. ಇವರೇ ಕೈಹಿಡಿದು ಕೂರಿಸಿ ತಟ್ಟೆ ತೆಗೆದುಕೊಂಡರಂತೆ.

"ಬೆಂಕಿ ನೋಡಿ ಅಲ್ಲಮ್ಮ. ಆ ಬೆಂಕಿ ಯಾರೋ ಕಿಲಾಡಿ ಹಚ್ಚಿದ್ದು, ಅಷ್ಟು ನಂಗೊತ್ತು. ಅವನು ಓಡಿದನಲ್ಲ, ನಿಂತ ಕಾಲಲ್ಲಿ. ಸುರಂಗದಲ್ಲಿ ಏನಾರ ಆದ್ರೆ ನಾವೂ ಅಂಗೇ ಓಡ್ತಿದ್ವಿ, ಊಟ ಬಿಟ್ಟು. ಮುಚ್ಚೋ ಗಣಿ ಕಡೆ ಯಾವನೂ ಓಡಲ್ಲ."

"ಮಾವ, ಆ ಕಿಲಾಡಿ..." ಅಂದಳು ಸುಕನ್ಯ.

"ಸರಿ ಪೋ, ಅದಿರ್ಲಿ ಬಿಡಮ್ಮ. ಬೇಗ ಬನ್ನಿ ಇಬ್ರೂ, ಕೇಸರಿಬಾತ್ ಆರ್ತಾ ಐತೆ" ಎಂದು ಫೋನು ಇಟ್ಟರು.

ಸ್ಕೂಟರನ್ನು ಅಲ್ಲೇ ಬಿಟ್ಟು ಅವಳು ಮುನೀಂದ್ರನ ಬೈಕಿನ ಹಿಂದೆ ಕೂತಳು. ಒಬ್ಬಳೇ ಓಡಿಸಿಕೊಂಡು ಹೋಗುವ ಧೈರ್ಯವಿರಲಿಲ್ಲ. ಮಾವ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದ್ದಳು, ಅವನು ತಲೆಯಾಡಿಸಿದ್ದನಷ್ಟೇ. ರಸ್ತೆ ಕತ್ತಲಾಗಿತ್ತು. ಹಿಂದಿನ ಆಕಾಶದಲ್ಲಿ ಏನೂ ಇರಲಿಲ್ಲ. ಅವನ ಬೆನ್ನು ಮಾತಾಡುವ ಬೆನ್ನಾಗಿರಲಿಲ್ಲ, ಅವಳು ಕ್ಷಮಿಸು ಅನ್ನುವ ಮಾತನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು, ಯಾವ ಕಡೆಯಿಂದ ಹಿಡಿದರೂ ಅದು ಚಿಕ್ಕದಾಗಿ ಕಾಣುತ್ತಿತ್ತು. ರಾಬರ್ಟ್‌ಸನ್ ಪೇಟೆಯ ದೀಪಗಳು ಕಾಣಿಸುವ ಹೊತ್ತಿಗೆ ಅವನು ಬೈಕು ನಿಧಾನ ಮಾಡಿ, ತಿರುಗಿ ನೋಡದೆ, ಮದುವೆಗೆ ಪಟಾಕಿ ಬೇಡ ಅಂತ ಮಾವನಿಗೆ ನೀವೇ ಹೇಳಿಬಿಡಿ ಅಕ್ಕ, ಇವತ್ತು ಹೊಡೆದದ್ದೇ ಸಾಕು ಅಂದ. ತಮಾಷೆಗೋ ನಿಜಕ್ಕೋ ಅಂತ ಅವನ ಬೆನ್ನಿನಿಂದ ಗೊತ್ತಾಗಲಿಲ್ಲ. ಆಗಲಿ, ಹೇಳ್ತೀನಿ, ಅಂದಳು ಸುಕನ್ಯ.